ಕಣ್ಣೀರಿನ ಸಾಲ



ಕಿರಾಣಿ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ತೂಗಾಡುವುದನ್ನು ವಾಚಕರೆಲ್ಲ ಕಂಡವರೇ. ಅದೇ ಹಲಗೆಯ ಕೆಳಗೆ ಕುಳಿತು ಉದ್ರಿ ಬರೆಯುತ್ತ ನಮ್ಮ ಆಯುಷ್ಯ ಕಳೆಯಿತು. ಮ್ಯಾಟ್ರಿಕ್ ಪಾಸಾದ ವರ್ಷವೇ ತಂದೆಯವರು ಗಾದಿಯ ಮೇಲೆ ಕೂಡ್ರಿಸಿದರು. ಅಂದಿನಿಂದ ಯಾರ ಹೆಸರು ಕಿವಿಗೆ ಬಿದ್ದರೂ ಮೊದಲು ನೆನಪಾಗುವುದು ಅವರ ಬಾಕಿ, ಆಮೇಲೆ ಅವರ ಮುಖ. ಇದು ಒಳ್ಳೆಯ ಗುಣವೆಂದು ಹೇಳುತ್ತಿಲ್ಲ, ಕಸಬಿನ ಚಟ. ಇಂಥ ಚಟವಿರುವ ನಮ್ಮನ್ನು ಚೀನಾ ದೇಶದ ಒಂದು ಹಳೆಯ ಕಾದಂಬರಿಯೂ ಒಂದು ಸಿನಿಮಾವೂ ಹೇಗೆ ಹಿಡಿದು ಕೂಡ್ರಿಸಿದವು ಎಂಬುದನ್ನು ಈ ತಿಂಗಳು ಬರೆಯಬೇಕೆಂದಿದ್ದೇವೆ. ತೊಗರಿ ಧಾರಣೆಯ ಮಾತು ಮುಂದಿನ ತಿಂಗಳಿಗಿರಲಿ.

ಚೀನಾ ಎಂದರೆ ನಮ್ಮಂಥ ಪೇಟೆಯ ಜನಕ್ಕೆ ಗೊತ್ತಿರುವುದು ಬ್ಯಾಟರಿ, ಆಟಿಗೆ ಸಾಮಾನು, ದೀಪಾವಳಿಯ ದೀಪದ ಸರ, ಮತ್ತೆ 1962ರ ಯುದ್ಧ. ಅಲ್ಲಿಯೂ ಕೂಡು ಮನೆತನಗಳಿದ್ದವು, ಅಲ್ಲಿಯೂ ಅಜ್ಜಿಯ ಮಾತಿಗೆ ಮನೆ ನಡೆಯುತ್ತಿತ್ತು, ಅಲ್ಲಿಯೂ ಲೆಕ್ಕದ ಪುಸ್ತಕ ಇಟ್ಟುಕೊಂಡ ಸೊಸೆಯಂದಿರಿದ್ದರು ಎಂಬುದು ನಮ್ಮ ಲಕ್ಷ್ಯಕ್ಕೆ ಬಂದಿರಲಿಲ್ಲ. ನಮ್ಮ ಹಿರಿಯ ಸೊಸೆ ಸೋಲಾಪುರದಲ್ಲಿ ಎಂ.ಎ. ಮಾಡಿದವಳು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಇಂಗ್ಲಿಷ್ ಪುಸ್ತಕ ಮುಂದಿಟ್ಟುಕೊಂಡು ನಮಗೂ ಅವಳ ಅತ್ತೆಗೂ ಕನ್ನಡದಲ್ಲಿ ಕಥೆ ಹೇಳುತ್ತಾಳೆ. ಚಾತುರ್ಮಾಸದಲ್ಲಿ ಪುರಾಣ ಕೇಳುವ ರೂಢಿಯಿದ್ದ ಮನೆ ನಮ್ಮದು. ಈ ಕಾದಂಬರಿಗೆ 120 ಅಧ್ಯಾಯ. ದಿನಕ್ಕೊಂದರಂತೆ ಕೇಳಿದರೆ ಸರಿಯಾಗಿ ನಾಲ್ಕು ತಿಂಗಳು. ಯಾರೋ ಚಾತುರ್ಮಾಸಕ್ಕೆಂದೇ ಅಳತೆ ಮಾಡಿ ಬರೆದಂತಿದೆ!

ಕಾದಂಬರಿಯ ಹೆಸರು ‘ಹೊಂಗ್ ಲೌ ಮೆಂಗ್’, ಅಂದರೆ ‘ಕೆಂಪು ಮಹಲಿನ ಕನಸು’. ಬರೆದವರು ತ್ಸಾವ್ ಶುಎಚಿನ್. ಇವರ ಮನೆತನದ ಕಥೆ ಕೇಳಿದಾಗಲೇ ನಾವು ಕಿವಿ ನಿಮಿರಿಸಿದೆವು. ಇವರ ಅಜ್ಜ ತ್ಸಾವ್ ಯಿನ್ ನಾನ್‌ಜಿಂಗ್ ಪಟ್ಟಣದಲ್ಲಿ ಬಾದಶಹನ ರೇಷ್ಮೆ ನೇಯ್ಗೆಯ ಕಾರಖಾನೆಗಳ ಮುಖ್ಯಸ್ಥರಾಗಿದ್ದರು. ಕಾಂಗ್‌ಶಿ ಎಂಬ ಬಾದಶಹ ದಕ್ಷಿಣಕ್ಕೆ ಆರು ಸಲ ಸವಾರಿ ಬಂದಾಗ ನಾಲ್ಕು ಸಲ ಇವರ ಮನೆಯಲ್ಲೇ ಇಳಿದುಕೊಂಡ. ಬಾದಶಹ ಮನೆಗೆ ಬಂದನೆಂದರೆ ಮಾನ. ಆದರೆ ಊಟೋಪಚಾರದ ಖರ್ಚು ಯಾರದು? 1712ರಲ್ಲಿ ಅಜ್ಜ ತೀರಿಕೊಂಡಾಗ ಸರಕಾರಿ ಖಜಾನೆಗೆ ದೊಡ್ಡ ಬಾಕಿ ಉಳಿದಿತ್ತು. ಮುಂದಿನ ಬಾದಶಹ ಬಾಕಿಯನ್ನು ಮರೆಯುವವನಲ್ಲ. 1728ರ ಹೊತ್ತಿಗೆ ಮನೆ-ಮಾರು ಎಲ್ಲ ಜಪ್ತಿಯಾಯಿತು. ಆಗ ತ್ಸಾವ್ ಶುಎಚಿನ್ ಇನ್ನೂ ಹುಡುಗ. ಮುಂದೆ ಬೀಜಿಂಗಿನ ಹೊರವಲಯದಲ್ಲಿ ಬಡತನದಲ್ಲಿ ಕುಳಿತು, ತಾನು ಕಂಡ ಆ ದೊಡ್ಡ ಮನೆಯನ್ನೇ ಬರೆಯುತ್ತ ಬರೆಯುತ್ತ, 1763ರ ಸುಮಾರಿಗೆ, ಪುಸ್ತಕ ಪೂರ್ತಿಯಾಗಿ ಜನರ ಕೈ ಸೇರುವ ಮುಂಚೆಯೇ ತೀರಿಕೊಂಡರು. ಅವರದೆಂದು ಎಲ್ಲರೂ ಒಪ್ಪುವುದು ಮೊದಲ 80 ಅಧ್ಯಾಯ. ಉಳಿದ 40 ಸೇರಿ ಪುಸ್ತಕ ಅಚ್ಚಾದದ್ದು 1791ರಲ್ಲಿ. ಆ ನಲವತ್ತು ಯಾರವು ಎಂಬ ವ್ಯಾಜ್ಯ ಪಂಡಿತರದು. ನಮಗೆ ಕಥೆ ಬೇಕು.

ಕಥೆ ಸಾಲದಿಂದಲೇ ಸುರುವಾಗುತ್ತದೆ. ದೇವಲೋಕದ ಒಂದು ಹೊಳೆಯ ದಂಡೆಯಲ್ಲಿ ಒಂದು ಎಳೆಯ ಸಸಿ ಬಾಡುತ್ತಿರುತ್ತದೆ. ಅಲ್ಲಿಯ ಒಬ್ಬ ದೇವಕುಮಾರ ದಿನಾಲೂ ಸಿಹಿ ಇಬ್ಬನಿಯ ನೀರೆರೆದು ಅದನ್ನು ಬದುಕಿಸುತ್ತಾನೆ. ಸಸಿಗೆ ಹೆಣ್ಣುರೂಪ ಬರುತ್ತದೆ. ಅವನು ಭೂಮಿಯಲ್ಲಿ ಮನುಷ್ಯನಾಗಿ ಹುಟ್ಟಲು ಹೊರಟಾಗ ಅವಳಿಗೆ ಚಿಂತೆ: ಇವನ ನೀರಿನ ಋಣ ತೀರಿಸಲು ನನ್ನ ಹತ್ತಿರ ನೀರೆಲ್ಲಿದೆ? ಒಂದು ಜನ್ಮವಿಡೀ ನನ್ನ ಕಣ್ಣಲ್ಲಿ ಬರುವಷ್ಟು ನೀರನ್ನು ಅವನಿಗೆ ಕೊಟ್ಟು ತೀರಿಸುತ್ತೇನೆ ಎಂದು ತಾನೂ ಹುಟ್ಟಿ ಬರುತ್ತಾಳೆ. ಅವನು ಜಿಯಾ ಎಂಬ ಶ್ರೀಮಂತ ಮನೆತನದ ಮುದ್ದಿನ ಮಗ ಬಾವ್‌ಯು. ಇವಳು ಅವನ ಸೋದರತ್ತೆಯ ಮಗಳು ದಾಯ್‌ಯು. ತಾಯಿ ಸತ್ತ ಮೇಲೆ ಅಜ್ಜಿಯ ಮನೆಗೆ ಬಂದು ಸೇರುತ್ತಾಳೆ. ಮುಂದೆ ನೂರು ಅಧ್ಯಾಯದ ತನಕ ಅವಳು ಅಳುವುದೇ ಅಳುವುದು. ಹೂವು ಉದುರಿದರೆ ಅಳು, ಅವನು ಜಗಳವಾಡಿದರೆ ಅಳು, ರಾಜಿಯಾದರೂ ಅಳು. ನಮಗೆ ಒಂದು ಹಂತದಲ್ಲಿ ಬೇಸರವೇ ಬಂತು. ಸೊಸೆ ಹೇಳಿದಳು, “ಮಾವಾರ, ಅದು ಅಳು ಅಲ್ಲರಿ, ಕಂತು.” ಆ ಒಂದು ಮಾತಿನಿಂದ ನಮಗೆ ಇಡೀ ಪುಸ್ತಕದ ಬೀಗ ತೆರೆದಂತಾಯಿತು.

ನಮ್ಮ ಶಾಸ್ತ್ರದ ಪ್ರಕಾರ ಈ ಲೆಕ್ಕ ನಡೆಯುವುದಿಲ್ಲವೆಂದು ನಾವು ತಕರಾರು ತೆಗೆದೆವು. ದುಃಖ, ಶೋಕ, ಆಕ್ರಂದನ ಇವೆಲ್ಲ ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹೇಳಿದ್ದಾರೆ. ಅತ್ತು ಸಾಲ ತೀರುವುದೆಂತು? ಅಳುವುದೆಂದರೆ ಹೊಸ ಸಾಲ ಮಾಡಿದಂತೆ. ನಾವು ಹೀಗೆ ಜಾಣತನದಿಂದ ಹೇಳಿ ಕುಳಿತಾಗ ನಮ್ಮ ಮನೆಯವರು ಸೊಪ್ಪು ಸೋಸುತ್ತ ತಲೆಯೆತ್ತದೆ ಅಂದರು, “ಶಾಸ್ತ್ರ ಖರೆ. ಆದರ ಅತ್ತವರಿಗೆ ಗೊತ್ತು ಹಗುರ ಆಗತೈತೋ ಭಾರ ಆಗತೈತೋ.” ಈ ವಾದ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಚೀನೀ ಭಾಷೆಯಲ್ಲಿ ‘ಬಾವ್’ ಎಂದು ಒಂದು ಮಾತಿದೆಯಂತೆ. ಮರಳಿ ಕೊಡುವುದು ಎಂದು ಅರ್ಥ. ಉಪಕಾರಕ್ಕೆ ಉಪಕಾರ ಮರಳಿಸುವುದಕ್ಕೂ ಅದೇ ಮಾತು, ಹಗೆಗೆ ಹಗೆ ತೀರಿಸುವುದಕ್ಕೂ ಅದೇ ಮಾತು. ಒಂದೇ ವಹಿಯಲ್ಲಿ ಜಮಾ ಮತ್ತು ಖರ್ಚು ಎರಡೂ ಇದ್ದಂತೆ. ಅಲ್ಲಿಯ ಕಥೆಗಳಲ್ಲಿ ಜನ ‘ನಿನ್ನ ಮೇಲೆ ನನಗೆ ಪ್ರೀತಿ’ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ನಮ್ಮ ಮನೆಗಳಲ್ಲಿ ಮಾತ್ರ ಯಾರು ಹೇಳುತ್ತಾರೆ? ಹೇಳದ ಪ್ರೀತಿ, ಹೇಳದ ಸಿಟ್ಟು, ಎರಡೂ ಬಾಕಿಯ ರೂಪದಲ್ಲಿ ಬೆಳೆಯುತ್ತ ಹೋಗುತ್ತವೆ.

ವ್ಯಾಪಾರಸ್ಥರು ಮುದ್ದಾಂ ಕೇಳಬೇಕಾದ ಪಾತ್ರ ಬೇರೊಂದಿದೆ: ವಾಂಗ್ ಶಿಫೆಂಗ್. ಇಪ್ಪತ್ತರ ಆಚೀಚೆಯ ಸೊಸೆ. ನೂರಾರು ಜನರ ಮನೆಯ ಖರ್ಚುವೆಚ್ಚ ಅವಳ ಕೈಯಲ್ಲಿ. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ದಾಸಿಯರಿಗೆ ತಿಂಗಳಿಗೆ ಕೊಡಬೇಕಾದ ಸಂಬಳವನ್ನು ನಾಲ್ಕು ದಿನ ತಡೆಹಿಡಿದು, ಅದೇ ಹಣವನ್ನು ಹೊರಗೆ ಬಡ್ಡಿಗೆ ಬಿಡುತ್ತಾಳೆ. ವರ್ಷ ತುಂಬುವುದರೊಳಗೆ ಸಾವಿರ ಲಿಯಾಂಗ್ ಬೆಳ್ಳಿಯ ಮೇಲೆ ಗಳಿಸುತ್ತಾಳೆಂದು 39ನೆಯ ಅಧ್ಯಾಯದಲ್ಲಿ ಅವಳ ಸ್ವಂತ ದಾಸಿಯೇ ಗುಟ್ಟಾಗಿ ಹೇಳುತ್ತಾಳೆ. ಇದನ್ನು ಓದುವಾಗ ಸೊಸೆ ನಮ್ಮ ಮುಖ ನೋಡಲಿಲ್ಲ. ನಾವೂ ಅವಳ ಮುಖ ನೋಡಲಿಲ್ಲ. ಆಳಿನ ಪಗಾರ ‘ನಾಳೆ ನೋಡೋಣ’ ಎಂದು ತಡೆಯದ ಗಾದಿ ಎಷ್ಟಿವೆ? ಕೊನೆಗೆ ಸರಕಾರದ ಜಪ್ತಿ ಬಂದಾಗ ಇದೇ ಶಿಫೆಂಗಳ ಕೋಣೆಯಲ್ಲಿ ಸಾಲಪತ್ರಗಳ ಪೆಟ್ಟಿಗೆ ಸಿಗುತ್ತದೆ. ಕಾಯಿದೆ ಮೀರಿದ ಬಡ್ಡಿಯ ಪತ್ರಗಳು. ಮನೆತನದ ಮೇಲಿನ ಆರೋಪಗಳಲ್ಲಿ ಅದೂ ಒಂದಾಗಿ ಸೇರುತ್ತದೆ.

ಆದರೆ ಇದೇ ಶಿಫೆಂಗಳ ಖಾತೆಯಲ್ಲಿ ಒಂದು ಸಣ್ಣ ಜಮಾ ಇರುತ್ತದೆ. ಬಹಳ ಹಿಂದೆ, ಆರನೆಯ ಅಧ್ಯಾಯದಲ್ಲಿ, ಲಿಯು ಎಂಬ ಹಳ್ಳಿಯ ಮುದುಕಿ ದೂರದ ಬೀಗತನದ ನೆಪ ಹೇಳಿಕೊಂಡು, ಚಳಿಗಾಲಕ್ಕೆ ಕಾಳಿಲ್ಲದೆ ಕೇಳಿಕೊಂಡು ಬಂದಿದ್ದಳು. ಶಿಫೆಂಗ್ ದೊಡ್ಡಸ್ತಿಕೆಯಿಂದಲೇ 20 ಲಿಯಾಂಗ್ ಬೆಳ್ಳಿ ಕೊಟ್ಟು ಕಳಿಸಿದ್ದಳು. ನಮ್ಮ ತೊಲೆಯ ಲೆಕ್ಕದಲ್ಲಿ ಸುಮಾರು 64 ತೊಲೆ. ಮುದುಕಿ ಎರಡನೆಯ ಸಲ ತರಕಾರಿ ಹೊತ್ತುಕೊಂಡು ಬಂದಾಗ ಆ ಮನೆಯಲ್ಲಿ ಏಡಿಗಳ ಔತಣ ಮುಗಿದಿರುತ್ತದೆ. (ನಮಗೆ ಆ ಊಟದ ಸುದ್ದಿ ಬೇಡ, ಖರ್ಚಿನ ಲೆಕ್ಕ ಸಾಕು.) ಮುದುಕಿ ಬೆರಳೆಣಿಸಿ ನೋಡುತ್ತಾಳೆ: ಇಪ್ಪತ್ತು ಲಿಯಾಂಗಿನ ಮೇಲಾಯಿತು, ತನ್ನಂಥ ಒಕ್ಕಲಿಗರ ಮನೆಗೆ ಅದು ಒಂದು ವರ್ಷದ ಜೀವನ. ಯಾರ ಮೇಲೂ ಸಿಟ್ಟಿಲ್ಲದೆ, ಬೆರಗಿನಿಂದ ಅಂದ ಮಾತು ಅದು. ಆ ಮನೆಯವರೆಲ್ಲ ಅವಳನ್ನು ನಗೆಪಾಟಲು ಮಾಡುತ್ತಾರೆ. ಮುದುಕಿ ತಾನೂ ನಗುತ್ತಾಳೆ. ಶಿಫೆಂಗಳ ಮಗಳಿಗೆ ಹೆಸರಿಡುವವಳೂ ಅವಳೇ, ಚಿಯಾವ್‌ಜಿಯೆ ಎಂದು. ಮುಂದೆ ಮನೆ ಮುರಿದು, ಶಿಫೆಂಗ್ ಸತ್ತ ಮೇಲೆ, ಸ್ವಂತ ಸೋದರಮಾವನೇ ಆ ಮಗಳನ್ನು ದೂರದ ಒಬ್ಬ ಸರದಾರನಿಗೆ ಮಾರಲು ಹೊಂಚು ಹಾಕುತ್ತಾನೆ. ಆಗ ಗಾಡಿ ಕಟ್ಟಿಕೊಂಡು ಬಂದು ಹುಡುಗಿಯನ್ನು ತನ್ನ ಹಳ್ಳಿಗೆ ಒಯ್ದು ಅಡಗಿಸಿ ಕಾಪಾಡಿದವಳು ಲಿಯು ಅಜ್ಜಿ. ಸಾವಿರಗಟ್ಟಲೆ ಬಡ್ಡಿಗೆ ಬಿಟ್ಟದ್ದೆಲ್ಲ ಜಪ್ತಿಗೆ ಹೋಯಿತು. ವಸೂಲಾಗಿ ಬಂದದ್ದು, ತಿರುಗಿ ಬರಲೆಂದು ಕೊಡದೆ ಇದ್ದ ಆ ಇಪ್ಪತ್ತು.

ದಾಯ್‌ಯುವಿನ ಸಾಲವೂ ತೀರುತ್ತದೆ. ಬಾವ್‌ಯು ಬುದ್ಧಿ ಮಂಕಾಗಿ ಮಲಗಿದ್ದಾಗ ಹಿರಿಯರು ಸೇರಿ ಅವನ ಲಗ್ನ ನಿಶ್ಚಯ ಮಾಡುತ್ತಾರೆ. ದಾಯ್‌ಯುವಿನ ಜೊತೆಗೇ ಮದುವೆಯೆಂದು ಅವನಿಗೆ ಹೇಳಿ, ಮುಸುಕಿನೊಳಗೆ ಬಾವ್‌ಚಾಯ್ ಎಂಬ ಬೇರೆ ಹುಡುಗಿಯನ್ನು ಕೂಡ್ರಿಸುತ್ತಾರೆ. ಈ ಯುಕ್ತಿಯೂ ಶಿಫೆಂಗಳದೇ. ಅತ್ತ ವಾದ್ಯ ಬಾರಿಸುವ ಹೊತ್ತಿಗೆ ಇತ್ತ ದಾಯ್‌ಯು ತನ್ನ ಕವಿತೆಗಳನ್ನೂ ಅವನು ಕೊಟ್ಟ ಕರವಸ್ತ್ರಗಳನ್ನೂ ಬೆಂಕಿಗೆ ಹಾಕಿ ಪ್ರಾಣ ಬಿಡುತ್ತಾಳೆ. ಕೊನೆಕೊನೆಗೆ ಅವಳ ಕಣ್ಣಲ್ಲಿ ನೀರು ಕಡಿಮೆಯಾಗುತ್ತ ಬಂದದ್ದನ್ನು ಮೊದಲೇ ಹೇಳಲಾಗಿದೆ. ಕೊಡಬೇಕಾದದ್ದು ಮುಗಿದಿತ್ತು. ಅಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಯಾರೂ ಚಹಾ ಕೇಳಲಿಲ್ಲ. ಹಿರಿಯರು ಯಾರೂ ಕೆಟ್ಟವರಲ್ಲ, ಅಜ್ಜಿಗೆ ಮೊಮ್ಮಗಳ ಮೇಲೆ ಪ್ರಾಣ. ಆದರೂ ಹುಡುಗಿ ಅಶಕ್ತಳು, ಸ್ವಭಾವ ಹಟದ್ದು, ಮನೆ ನಡೆಸಲಾರಳು ಎಂದು ಲೆಕ್ಕ ಹಾಕಿದರು. ಸಂಬಂಧ ನೋಡುವಾಗ ನಾವೆಲ್ಲ ಹಾಕುವ ಲೆಕ್ಕವೇ ಅದು.

ಕೊನೆಗೆ ಬಾವ್‌ಯು ಸರಕಾರಿ ಪರೀಕ್ಷೆಗೆಂದು ಮನೆ ಬಿಡುವ ದಿನ ತಾಯಿಯ ಕಾಲಿಗೆ ಮೂರು ಸಲ ಅಡ್ಡಬೀಳುತ್ತಾನೆ, ಹೆಂಡತಿಗೂ ಬಾಗಿ ವಂದಿಸುತ್ತಾನೆ. ಪರೀಕ್ಷೆಯಲ್ಲಿ ಏಳನೆಯವನಾಗಿ ಪಾಸಾಗುತ್ತಾನೆ, ಮನೆಗೆ ಮಾತ್ರ ತಿರುಗಿ ಬರುವುದಿಲ್ಲ. ದೂರದಲ್ಲಿ ಹಿಮ ಬೀಳುತ್ತಿರುವ ಒಂದು ಸಂಜೆ ತಂದೆಯ ದೋಣಿಯ ಮುಂದೆ, ತಲೆ ಬೋಳಾಗಿ, ಬರಿಗಾಲಲ್ಲಿ, ಕೆಂಪು ಕಂಬಳಿ ಹೊದ್ದು ಕಾಣಿಸಿಕೊಂಡು, ನಾಲ್ಕು ಸಲ ನಮಸ್ಕಾರ ಮಾಡಿ ಮಾಯವಾಗುತ್ತಾನೆ. ಸನ್ಯಾಸಿಯಾದ. ಮನೆಯಲ್ಲಿ ಹೆಂಡತಿ ಬಸುರಿ. ಇಲ್ಲಿ ನಮಗೆ ಸಮಾಧಾನವಾಗಲಿಲ್ಲ. ವೈರಾಗ್ಯಕ್ಕೆ ಅಡ್ಡಿಯಿಲ್ಲ, ನಮ್ಮ ಪರಂಪರೆ ಇರುವುದೇ ಅದರ ಮೇಲೆ. ಆದರೆ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ, ಶ್ರಮಣನಾಗ ಹೊರಟವನು ಬಂಧುವರ್ಗದ ಅಪ್ಪಣೆ ಕೇಳಿ, ಹಿರಿಯರಿಂದ, ಹೆಂಡತಿ-ಮಕ್ಕಳಿಂದ ಬಿಡಿಸಿಕೊಂಡು ಹೊರಡಬೇಕೆಂದು ವಿಧಿಸಿದ್ದಾರೆ. ಬಾವ್‌ಯು ನಮಸ್ಕಾರ ಮಾಡಿದ, ನಿಜ. ಎಲ್ಲಿಗೆ ಹೊರಟೆನೆಂದು ಹೇಳಲಿಲ್ಲ. ಪಾವತಿ ಪಡೆಯದೆ ಖಾತೆ ಮುಚ್ಚಿದಂತೆ. ಸೊಸೆ ಇದನ್ನು ಒಪ್ಪುವುದಿಲ್ಲ. ಹೇಳಿದ್ದರೆ ಬಿಡುತ್ತಿದ್ದರೇ ಎಂದು ಕೇಳುತ್ತಾಳೆ.

ಈಗ ಸಿನಿಮಾದ ಮಾತಿಗೆ ಬರುವಾ. ಝಾಂಗ್ ಯಿಮೌ ಎಂಬ ನಿರ್ದೇಶಕರ ಎರಡು ಚಿತ್ರಗಳನ್ನು ಮೊಮ್ಮಗ ತನ್ನ ಕಂಪ್ಯೂಟರಿನಲ್ಲಿ ಹಚ್ಚಿ ತೋರಿಸಿದ. ಒಂದು 1991ರದು. ಕೆಂಪು ಕಂದೀಲುಗಳ ಚಿತ್ರವೆಂದು ಪ್ರಸಿದ್ಧ. ನಾಲ್ಕು ಹೆಂಡಿರ ಮನೆ. ಯಜಮಾನ ಅಂದು ಯಾರ ಕೋಣೆಗೆ ಹೋಗುತ್ತಾನೋ ಅವರ ಅಂಗಳದಲ್ಲಿ ಕಂದೀಲು ಹಚ್ಚುತ್ತಾರೆ. ನಾಲ್ಕನೆಯವಳು, ತಂದೆ ತೀರಿಕೊಂಡಿದ್ದರಿಂದ ಕಾಲೇಜು ಬಿಟ್ಟು ಬಂದ ಹುಡುಗಿ, ಒಂದು ರಾತ್ರಿ ಕುಡಿದ ಅಮಲಿನಲ್ಲಿ ಮೂರನೆಯವಳ ಗುಟ್ಟು ಆಡಿಬಿಡುತ್ತಾಳೆ. ಬೆಳಗಾಗುವಷ್ಟರಲ್ಲಿ ಮೂರನೆಯವಳನ್ನು ಮಾಳಿಗೆಯ ಕೋಣೆಯಲ್ಲಿ ನೇಣು ಹಾಕಿರುತ್ತಾರೆ. ಆಡಿದವಳಿಗೆ ಹುಚ್ಚು ಹಿಡಿಯುತ್ತದೆ. ಈ ಚಿತ್ರ ತೆಗೆದ ಮನೆಯ ಸಂಗತಿ ನಮ್ಮವರಿಗೆ ರುಚಿಸುವಂಥದು. ಅದು ಶಾನ್‌ಶಿ ಪ್ರಾಂತದ ಚಿಯಾವ್ ಎಂಬ ವ್ಯಾಪಾರಿ ಮನೆತನದ ವಾಡೆ. ಮುನ್ನೂರರ ಮೇಲೆ ಕೋಣೆಗಳು. ಆ ಪ್ರಾಂತದ ಸಾವುಕಾರರು ನಮ್ಮ ಹುಂಡಿಯಂಥದೇ ಪತ್ರಗಳ ಮೇಲೆ ಊರಿಂದೂರಿಗೆ ಹಣ ಕಳಿಸುವ ಪೇಢಿಗಳನ್ನು ನಡೆಸುತ್ತಿದ್ದರು. ಅಂಥ ಮೊದಲ ಪೇಢಿ 1823ರ ಸುಮಾರಿಗೆ ಪಿಂಗ್‌ಯಾವ್ ಪಟ್ಟಣದಲ್ಲಿ ಸುರುವಾಯಿತು. ಚಿಯಾವ್ ಮನೆತನದಲ್ಲಿ ಇಟ್ಟುಕೊಂಡವಳನ್ನು ಮನೆಗೆ ತರಬಾರದು, ಜೂಜಾಡಬಾರದು, ಅಫೀಮು ಸೇದಬಾರದು, ಆಳುಗಳನ್ನು ಹಿಂಸಿಸಬಾರದು ಎಂದೆಲ್ಲ ಕಟ್ಟಳೆಯಿತ್ತೆಂದು ಹೇಳುತ್ತಾರೆ. ನಮ್ಮ ಸಪ್ತವ್ಯಸನ ತ್ಯಾಗದ ಪಟ್ಟಿಗೆ ಹತ್ತಿರವೇ ಇದೆ. ಅಂಥ ಮನೆಯಲ್ಲೇ ನಾಲ್ಕು ಹೆಂಡಿರ ಚಿತ್ರ ತೆಗೆದದ್ದು, ಆ ಹಿರಿಯರ ನಸೀಬು!

ಎರಡನೆಯ ಚಿತ್ರವೇ ನಮ್ಮನ್ನು ಕಾಡಿದ್ದು. 1994ರದು. ಹೆಸರು ‘ಹುವೊಝೆ’, ಬದುಕಿರುವುದು ಎಂದರ್ಥ. ಯು ಹುವಾ ಅವರ ಕಾದಂಬರಿಯ ಮೇಲೆ ತೆಗೆದದ್ದು. ಕಾನ್ ಉತ್ಸವದಲ್ಲಿ ಇದಕ್ಕೆ ದೊಡ್ಡ ಬಹುಮಾನ ಬಂತು. ಸ್ವಂತ ದೇಶದ ಚಿತ್ರಮಂದಿರಗಳಲ್ಲಿ ಮಾತ್ರ ತೋರಿಸಲು ಪರವಾನಗಿ ಸಿಗಲಿಲ್ಲ.

ಫುಗುಯ್ ಎಂಬ ಶ್ರೀಮಂತರ ಮಗ ದಿನಾಲೂ ರಾತ್ರಿ ಜೂಜಿನ ಕಟ್ಟೆಯಲ್ಲಿ ಸೋಲುತ್ತಾನೆ, ಸೋತದ್ದಕ್ಕೆ ಅವರ ಪುಸ್ತಕದಲ್ಲಿ ಸಹಿ ಹಾಕುತ್ತಾನೆ. ಬೇರೀಜು ನೋಡುವ ಗೊಡವೆಗೇ ಹೋಗುವುದಿಲ್ಲ. ಒಂದು ರಾತ್ರಿ ಎದುರಾಳಿ ಲಾಂಗ್‌ಅರ್ ಬೇರೀಜು ಹಾಕಿ ತೋರಿಸುತ್ತಾನೆ: ನಿನ್ನ ಮನೆಯ ಬೆಲೆಗೆ ಸರಿಹೋಯಿತು. ಮನೆ ಹೋಯಿತು, ತಂದೆ ಎದೆಯೊಡೆದು ಸತ್ತ, ಬಸುರಿ ಹೆಂಡತಿ ಜಿಯಾಝೆನ್ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಮುಂದೆ ಅವಳು ತಿರುಗಿ ಬಂದಾಗ ಫುಗುಯ್ ಬದಲಾಗಿದ್ದಾನೆ. ಲಾಂಗ್‌ಅರ್‌ನ ಹತ್ತಿರ ಸಾಲ ಕೇಳಲು ಹೋದರೆ ಅವನು ರೊಕ್ಕ ಕೊಡುವುದಿಲ್ಲ. ತೊಗಲುಗೊಂಬೆಗಳ ಒಂದು ಪೆಟ್ಟಿಗೆ ಕೊಡುತ್ತಾನೆ, ಆಡಿಸಿ ಹೊಟ್ಟೆ ಹೊರೆದುಕೋ ಎಂದು. ಕೆಲವು ವರ್ಷಕ್ಕೆ ರಾಜ್ಯ ಬದಲಾಗುತ್ತದೆ. ದೊಡ್ಡ ಮನೆಯ ಮಾಲಕನಾಗಿದ್ದ ಲಾಂಗ್‌ಅರ್‌ನನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ಗುಂಡಿನ ಸಪ್ಪಳ ಕೇಳಿ ಫುಗುಯ್‌ಗೆ ನಿಂತಲ್ಲೇ ಕೈಕಾಲು ತಣ್ಣಗಾಗುತ್ತದೆ. ಮನೆ ತನ್ನದೇ ಆಗಿ ಉಳಿದಿದ್ದರೆ ಆ ಗುಂಡುಗಳು ತನಗೆ. ಲಾಭ ಯಾವುದು, ಲುಕ್ಸಾನ ಯಾವುದು ಎಂದು ಬರೆಯಲು ಯಾವ ಮುನೀಮನಿಗೆ ಬಂದೀತು?

ಅವನ ಮಗ ಯೂಚಿಂಗ್. 1958ರಲ್ಲಿ ಊರೂರಿಗೆ ಕಬ್ಬಿಣ ಕರಗಿಸುವ ಗಡಿಬಿಡಿ. ರಾತ್ರಿಯೆಲ್ಲ ನಿದ್ದೆಯಿಲ್ಲದ ಹುಡುಗನನ್ನು, ಸಾಹೇಬರು ಬರುವ ದಿನ, ಶಾಲೆ ತಪ್ಪಿಸಬಾರದೆಂದು ತಂದೆಯೇ ಬೆನ್ನ ಮೇಲೆ ಹೊತ್ತು ಬಿಟ್ಟು ಬರುತ್ತಾನೆ. ಹುಡುಗ ಗೋಡೆಯ ಬದಿಗೆ ಮಲಗಿರುತ್ತಾನೆ. ಜಿಲ್ಲಾ ಅಧಿಕಾರಿಯ ಮೋಟಾರು ಹಿಂದೆ ಸರಿದು ಗೋಡೆ ಅವನ ಮೇಲೆ ಬೀಳುತ್ತದೆ. ಆ ಅಧಿಕಾರಿ ಬೇರೆ ಯಾರೂ ಅಲ್ಲ, ಯುದ್ಧಕಾಲದಲ್ಲಿ ಫುಗುಯ್‌ನ ಜೊತೆಗೆ ಸಾವಿನ ದವಡೆಯಿಂದ ಪಾರಾಗಿ ಬಂದ ಗೆಳೆಯ ಚುನ್‌ಶೆಂಗ್. ಗೋರಿಯ ಹತ್ತಿರ ಬಂದು ತಪ್ಪೊಪ್ಪಿಕೊಳ್ಳುತ್ತಾನೆ, ಪರಿಹಾರ ಕೊಡಲು ನೋಡುತ್ತಾನೆ. ತಾಯಿ ಕೂಗಿ ಹೇಳುತ್ತಾಳೆ, ನೀನು ನಮಗೆ ಒಂದು ಜೀವದ ಸಾಲಗಾರ ಎಂದು. ಅಂದಿನಿಂದ ಅವಳು ಅವನಿಗೆ ಮುಖ ಕೊಡುವುದಿಲ್ಲ.

ವರ್ಷಗಳು ಕಳೆಯುತ್ತವೆ. ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ಈಗ ಅಧಿಕಾರಿಗಳ ಮೇಲೇ ತಿರುಗಿಬಿದ್ದಿದ್ದಾರೆ. ಒಂದು ನಡುರಾತ್ರಿ ಚುನ್‌ಶೆಂಗ್ ಇವರ ಬಾಗಿಲಿಗೆ ಬರುತ್ತಾನೆ. ಹೆಂಡತಿ ಜೀವ ಕಳೆದುಕೊಂಡಿದ್ದಾಳೆ, ತನಗೂ ಬದುಕು ಬೇಡವಾಗಿದೆ. ತನ್ನ ಉಳಿತಾಯವನ್ನೆಲ್ಲ ಇವರಿಗೆ ಕೊಟ್ಟು ಹೋಗಲು ಬಂದಿದ್ದಾನೆ. ಫುಗುಯ್ ತೆಗೆದುಕೊಳ್ಳುವುದಿಲ್ಲ. ಚುನ್‌ಶೆಂಗ್ ಕತ್ತಲೆಯಲ್ಲಿ ಹೊರಟಾಗ, ಇಷ್ಟು ವರ್ಷ ಮಾತಾಡದ ಜಿಯಾಝೆನ್ ಬಾಗಿಲಿಗೆ ಬಂದು ಅವನನ್ನು ಕೂಗುತ್ತಾಳೆ. ಅಂದು ಗೋರಿಯ ಹತ್ತಿರ ಆಡಿದ ಮಾತನ್ನೇ ಆಡುತ್ತಾಳೆ: ಒಂದು ಜೀವದ ಸಾಲ ನಿನ್ನ ಮೇಲಿದೆ, ಮರೆಯಬೇಡ, ಬದುಕಬೇಕು.

ನಾವು ಕಂಪ್ಯೂಟರು ನಿಲ್ಲಿಸಲು ಹೇಳಿದೆವು. ಅದೇ ಮಾತು. ಮೊದಲ ಸಲ ಅದು ಶಾಪ. ಎರಡನೆಯ ಸಲ ಅದೇ ಅಕ್ಷರಗಳಿಂದ ಅವನ ಜೀವ ಉಳಿಸಲು ನೋಡುತ್ತಾಳೆ. ಸಾಲ ಬಿಟ್ಟೆ ಎಂದು ಅವಳು ಹೇಳಲಿಲ್ಲ. ಬಿಡುವುದು ಅವಳ ಕೈಯಲ್ಲಿರಲೂ ಇಲ್ಲ. ಮಗ ಹೋದದ್ದು ಸುಳ್ಳಾಗುವುದಿಲ್ಲ. ಸಾಲವನ್ನು ಇಟ್ಟುಕೊಂಡೇ ಸಾಲಗಾರನನ್ನು ಮನೆಯವನನ್ನಾಗಿ ಮಾಡಿಕೊಂಡಳು. ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮಾ ಧರ್ಮದ ಮೇಲೆ ನಾವು ಎಷ್ಟೋ ಪ್ರವಚನ ಕೇಳಿದ್ದೇವೆ. ಈ ಹೆಣ್ಣುಮಗಳು ಬಾಗಿಲಲ್ಲಿ ನಿಂತ ನೋಟ ಆ ಪ್ರವಚನಗಳ ಪಕ್ಕದಲ್ಲಿ ಬಂದು ಕುಳಿತುಬಿಟ್ಟಿದೆ.

ಪ್ರತಿ ವರ್ಷ ಭಾದ್ರಪದ ಬಹುಳ ಪಾಡ್ಯಕ್ಕೆ ನಮ್ಮ ಮನೆಯಿಂದ ಕ್ಷಮಾವಾಣಿಯ ಕಾರ್ಡು ಹೋಗುತ್ತವೆ. ಮೊದಲು ಅಚ್ಚು ಹಾಕಿಸಿ ಅಂಚೆಗೆ ಹಾಕುತ್ತಿದ್ದೆವು, ಈಗ ಮೊಮ್ಮಗ ಮೊಬೈಲಿನಲ್ಲಿ ಒಂದೇ ಸಲಕ್ಕೆ ಎಲ್ಲರಿಗೂ ಕಳಿಸುತ್ತಾನೆ. ಬೀಗರಿಗೆ, ದಲಾಲರಿಗೆ, ಸಮಾಜದ ಪಂಚರಿಗೆ, ಯಾರ ಹತ್ತಿರ ನಮ್ಮ ತಪ್ಪು ಏನೂ ಇಲ್ಲವೋ ಅಂಥವರಿಗೆಲ್ಲ. ಒಬ್ಬರಿಗೆ ಮಾತ್ರ ಹೋಗಿಲ್ಲ.

1991ರಲ್ಲಿ ನಮ್ಮ ಅಂಗಡಿಯಲ್ಲಿ ಒಬ್ಬರು ದಿವಾಣಜಿ ಇದ್ದರು. ತಂದೆಯವರ ಕಾಲದಿಂದ ಇದ್ದವರು, ಅಕ್ಷರ ಮುತ್ತು ಪೋಣಿಸಿದಂತೆ. ಆ ದೀಪಾವಳಿಗೆ ವಹಿ ಬದಲಿಸ ಹೋದಾಗ ರೋಕಡದಲ್ಲಿ 4,200 ರೂಪಾಯಿ ಕಡಿಮೆ ಬಂತು. ಎರಡು ರಾತ್ರಿ ತಾಳೆ ನೋಡಿದರೂ ಸಿಗಲಿಲ್ಲ. ತಂದೆಯವರು ಹಾಸಿಗೆ ಹಿಡಿದಿದ್ದರು. ಗಾದಿ ನಮ್ಮದು, ವಯಸ್ಸಿನ ಬಿಸಿ. ನಾಲ್ಕು ಜನರ ಮುಂದೆ, “ನಿಮ್ಮ ಕೈಯಾಗಿಂದನ ಹೋಗ್ಯಾವ” ಎಂದೆವು. ಅವರು ಮರುಮಾತಾಡಲಿಲ್ಲ. ಕೀಲಿಕೈ ಗಾದಿಯ ಮೇಲಿಟ್ಟು, ಟೋಪಿ ತೆಗೆದುಕೊಂಡು ಹೋದರು. ಎರಡು ವರ್ಷದ ಮೇಲೆ ಜತ್ತದ ಒಬ್ಬ ವ್ಯಾಪಾರಸ್ಥರ ಲೆಕ್ಕ ಚುಕ್ತಾ ಮಾಡುವಾಗ ಅವರೇ ನೆನಪು ಕೊಟ್ಟರು: ಇಂಥ ದಿನ ನೀವೇ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕೈಗೆ ರೋಖ 4,200 ಕೊಟ್ಟಿರಿ. ಕೊಟ್ಟವರು ನಾವೇ, ಬರೆಯಲು ಮರೆತವರೂ ನಾವೇ. ನಾಚಿಕೆಯಿಂದ, ಒಬ್ಬ ಹುಡುಗನ ಕೈಯಲ್ಲಿ ಐದು ಸಾವಿರ ಕಟ್ಟಿ ಅವರ ಊರಿಗೆ ಕಳಿಸಿದೆವು. ಕಟ್ಟು ಬಿಚ್ಚದೆ ಹಾಗೆಯೇ ತಿರುಗಿ ಬಂತು. ಆಮೇಲೆ ನಾವು ಹೋಗಲಿಲ್ಲ, ಅವರು ಬರಲಿಲ್ಲ. ಚುನ್‌ಶೆಂಗ್ ಹಣ ತೆಗೆದ ಕೂಡಲೇ ನಮ್ಮ ಮನೆಯವರು ನಮ್ಮತ್ತ ಒಮ್ಮೆ ನೋಡಿದರು, ಏನೂ ಅನ್ನಲಿಲ್ಲ.

ಮರುದಿನ ಅವರ ಮಗನ ನಂಬರು ಹುಡುಕಿಸಿ ಫೋನು ಮಾಡಿದೆವು. ದಿವಾಣಜಿಯವರಿಗೆ ಎಂಬತ್ತು ದಾಟಿದೆ, ಕಿವಿ ಮಂದ. “ಅಪ್ಪಾರನ್ನ ಕೇಳಿ ಹೇಳ್ತೀನ್ರಿ” ಅಂದ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಅವನೇ ಮಾಡಿದ: “ಬರ್ರಿ ಅಂತಾರ. ರೊಕ್ಕ ತರಬ್ಯಾಡ್ರಿ ಅಂತಾರ. ಆ ವರ್ಷದ ಕೀರ್ದಿ ಪುಸ್ತಕ ಇದ್ರ ತರ್ರಿ ಅಂತಾರ.”

ಮಾಳಿಗೆಯ ಮೇಲಿನ ಟ್ರಂಕಿನಲ್ಲಿ ಕೀರ್ದಿ ಸಿಕ್ಕಿತು. ಕೆಂಪು ಅರಿವೆಯ ರಟ್ಟು ಇಲಿ ಕಡಿದಿದೆ, ಒಳಗೆ ಹಾಳೆ ನೆಟ್ಟಗಿವೆ. ಆಶ್ವೀಜ ಅಮಾವಾಸ್ಯೆಯ ತನಕ ಪುಟ ಪುಟಕ್ಕೂ ಅವರ ಅಕ್ಷರ. ಕೊನೆಯ ಪುಟದಲ್ಲಿ ಒಂದೇ ಕಲಮು ನಮ್ಮ ಕೈಯದು, ಶಾಯಿ ಹರಡಿದೆ: ದಿವಾಣಜಿಯವರ ಖಾತೆಗೆ ಖರ್ಚು, 4,200. ಮೂವತ್ತು ವರ್ಷದ ಮೇಲಾಯಿತು, ಅದನ್ನು ಇನ್ನೂ ಯಾರೂ ಹೊಡೆದು ಹಾಕಿಲ್ಲ.